ನೈಜೀರಿಯಾಕ್ಕೆ ಪುಟ್ಟ ಹೊರಡುವ ಮುಂಚೆ

ಇಲುಪೇಜು, ಲೇಗೋಸ್
12 ಜನವರಿ 2025, ಭಾನುವಾರ

ಅಪ್ಪ ಅಮ್ಮನಿಗೆ ನಮಸ್ಕಾರಗಳು. ಪುಟ್ಟನಿಗೆ ಅಕ್ಕನ ಪ್ರೀತಿ.

ನಾವು ಇಲ್ಲಿ ಕ್ಷೇಮ. ಅಲ್ಲಿ ಅಡಿಕೆ ಸುಲಿತ ನಡೆಯುತ್ತಿರಬೇಕು, ಮನೆ ತುಂಬಾ ಜನ ಇರುತ್ತಾರೆ. ಆದರೂ ಸಂಜೆ ಒಂದು ಅರ್ಧ ಗಂಟೆ ಬಿಡುವು ಮಾಡಿಕೊಂಡು ಮೂವರೂ ಒಟ್ಟಿಗೆ ಕೂತು ಇದನ್ನು ಓದಿ. ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಅಪ್ಪ, ಚನ್ನಗಿರಿಗೆ ಹೋದಾಗ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಮೊನ್ನೆ ಫೋನಿನಲ್ಲಿ ಅಮ್ಮ ಅಳುತ್ತಿದ್ದರು, ನೀವು ಮಾತೇ ಆಡಲಿಲ್ಲ, ಇಲ್ಲಿ ಕೆಲಸಕ್ಕೆ ಬರುತ್ತೇನೆ ಎಂದು ಹೊರಟಿರುವ ಪುಟ್ಟ ಒಬ್ಬನೇ "ನೀನು ಎಂಟು ವರ್ಷ ಇದ್ದೀಯಲ್ಲ, ನಾನ್ಯಾಕೆ ಬರಬಾರದು" ಎಂದು ಕೂಗಾಡಿದ. ಅವನ ಪ್ರಶ್ನೆ ಸರಿಯಾಗಿಯೇ ಇದೆ. ಬರಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ನೀವು ಟಿವಿಯಲ್ಲಿ ನೋಡಿ ಹೆದರುತ್ತಿರುವುದು ಒಂದು, ಇಲ್ಲಿ ನಿಜವಾಗಿ ಹೆದರಬೇಕಾದದ್ದು ಇನ್ನೊಂದು. ಅದು ನಿಮಗೆ ಗೊತ್ತಿರಬೇಕು. ಅವನೊಬ್ಬನಿಗೆ ಗೊತ್ತಿದ್ದರೆ ಸಾಲದು, ಮನೆಯವರಿಗೂ ಗೊತ್ತಿರಬೇಕು.

ಮೊದಲು ಅಮ್ಮನಿಗೆ ಹೇಳುತ್ತೇನೆ. ಇವರ ಫ್ಯಾಕ್ಟರಿಯಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗ ಇದ್ದ. ನಮ್ಮ ಮನೆಗೆ ಭಾನುವಾರ ಊಟಕ್ಕೆ ಬರುತ್ತಿದ್ದ. ಮೂರು ವರ್ಷದ ಕೆಳಗೆ ಅಕ್ಕನ ಮದುವೆಗೆ ಎಂದು ರಜೆ ಹಾಕಿ ಊರಿಗೆ ಹೋದ. ಹೋದ ಒಂಬತ್ತನೇ ದಿನ ಜ್ವರ ಬಂತು. ಮದುವೆ ಮನೆಯ ಓಡಾಟ, ನಿದ್ದೆ ಇಲ್ಲ, ಅದಕ್ಕೇ ಅಂದುಕೊಂಡರು. ಹತ್ತಿರದ ಡಾಕ್ಟರು ವೈರಲ್ ಎಂದು ಮಾತ್ರೆ ಕೊಟ್ಟರು. ಅವರದ್ದೂ ತಪ್ಪು ಅನ್ನಲಾರೆ, ಹುಡುಗ ಎಲ್ಲಿಂದ ಬಂದಿದ್ದಾನೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾಲ್ಕನೇ ದಿನ ಮಾತು ತೊದಲಿತು, ಸಂಜೆಗೆ ಪ್ರಜ್ಞೆ ಹೋಯಿತು. ದೊಡ್ಡ ಆಸ್ಪತ್ರೆಗೆ ಹೋದ ಮೇಲೆ ರಕ್ತ ನೋಡಿದರೆ ಮಲೇರಿಯಾ. ಫ್ಯಾಲ್ಸಿಪ್ಯಾರಮ್ ಎನ್ನುವ ಜಾತಿ, ಮೆದುಳಿಗೆ ಏರುವಂಥದ್ದು. ಕಿಡ್ನಿಯೂ ಕೈಕೊಟ್ಟಿತ್ತು. ಹುಡುಗ ಉಳಿಯಲಿಲ್ಲ.

ಈ ವಿಷಯ ನಾನು ನಿಮಗೆ ಇಷ್ಟು ದಿನ ಹೇಳಿರಲಿಲ್ಲ. ಹೆದರುತ್ತೀರಿ ಎಂದು ಮುಚ್ಚಿಟ್ಟೆ. ಈಗ ಹೇಳಲೇಬೇಕು. ಇಡೀ ಜಗತ್ತಿನ ಮಲೇರಿಯಾ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ಈ ಒಂದು ದೇಶದವರು. ಇಲ್ಲಿ ಬಂದೂಕಿಗಿಂತ ಜಾಸ್ತಿ ಜನರನ್ನು ತೆಗೆದುಕೊಂಡು ಹೋಗುವುದು ಸೊಳ್ಳೆ. ಸೊಳ್ಳೆ ಕಚ್ಚಿದ ಕೂಡಲೇ ಜ್ವರ ಬರುವುದಿಲ್ಲ. ಒಂದು ವಾರ ಆಗಬಹುದು, ಒಂದು ತಿಂಗಳೂ ಆಗಬಹುದು, ಒಮ್ಮೊಮ್ಮೆ ಅದಕ್ಕೂ ತಡ. ಅಷ್ಟರೊಳಗೆ ಮನುಷ್ಯ ವಿಮಾನ ಹತ್ತಿ ಊರಿಗೆ ಬಂದಿರುತ್ತಾನೆ. ಹಾಗಾಗಿ ಅಮ್ಮ, ಇದು ನಿಮ್ಮ ಕೆಲಸ. ಪುಟ್ಟ ರಜೆಗೆ ಬಂದ ಮೇಲೆ ಮೂರು ತಿಂಗಳೊಳಗೆ ಯಾವಾಗ ಮೈ ಬಿಸಿಯಾದರೂ, ಅವನು ಏನೂ ಇಲ್ಲ ಬಿಡಮ್ಮ ಎಂದರೂ, ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಳಗೆ ಕಾಲಿಟ್ಟ ಕೂಡಲೇ ಮೊದಲ ಮಾತು, "ನೈಜೀರಿಯಾದಿಂದ ಬಂದಿದ್ದಾನೆ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿ." ಒಮ್ಮೆ ಇಲ್ಲ ಎಂದು ಬಂದು ಜ್ವರ ಬಿಡದಿದ್ದರೆ ಮತ್ತೆ ಮಾಡಿಸಿ. ಮೊದಲ ಸಲ ಸಿಗದೆ ಎರಡನೇ ಸಲ ಸಿಕ್ಕಿದ್ದು ಉಂಟು. ಸಂಕೋಚ ಬೇಡ. ಡಾಕ್ಟರಿಗೆ ನಾವು ಹೇಳುವುದೇನು ಎಂದು ಸುಮ್ನೆ ಇರಬೇಡಿ.

ಪುಟ್ಟ, ಈಗ ನಿನಗೆ. ಇಲ್ಲಿಯವರಿಗೆ ಮಲೇರಿಯಾ ನೆಗಡಿ ಇದ್ದಂತೆ. "ಐ ಗೆಟ್ ಮಲೇರಿಯಾ ಸ್ಮಾಲ್" ಎಂದು ಕೆಲಸಕ್ಕೆ ಬರುತ್ತಾರೆ. ಹುಟ್ಟಿದಾಗಿನಿಂದ ಕಚ್ಚಿಸಿಕೊಂಡು ಅವರ ಮೈ ಸ್ವಲ್ಪ ಒಗ್ಗಿರುತ್ತದೆ. ನಿನ್ನ ಮೈ ಒಗ್ಗಿಲ್ಲ. ಅವರನ್ನು ನೋಡಿ ನೀನು ಹಾಗೆ ಮಾಡಬೇಡ. ಜ್ವರ ಬಂದ ದಿನವೇ ಪರೀಕ್ಷೆ. ಹೊರಡುವ ಮುಂಚೆ ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಒಬ್ಬ ಒಳ್ಳೆ ಫಿಸಿಶಿಯನ್ನರನ್ನು ನೋಡಿ ಮುಂಜಾಗ್ರತೆಯ ಮಾತ್ರೆ ಕೇಳು. ಡಾಕ್ಸಿಸೈಕ್ಲಿನ್ ಕೊಟ್ಟರೆ ಇಲ್ಲಿಂದ ಹೊರಟ ಮೇಲೂ ನಾಲ್ಕು ವಾರ ನುಂಗಬೇಕು. ಬಹಳ ಜನ ಊರು ಸೇರಿದ ದಿನವೇ ನಿಲ್ಲಿಸುತ್ತಾರೆ. ಆ ಹುಡುಗನೂ ನಿಲ್ಲಿಸಿದ್ದ. ವರ್ಷಗಟ್ಟಲೆ ಇರುವುದಾದರೆ ಮಾತ್ರೆಯ ವಿಷಯ ಏನು ಮಾಡಬೇಕು ಎಂದೂ ಡಾಕ್ಟರನ್ನೇ ಕೇಳು. ಸೊಳ್ಳೆಪರದೆ ಮಾತ್ರ ಕೊನೆಯ ದಿನದವರೆಗೂ ಬೇಕು. ಇಲ್ಲಿ ನನ್ನ ಹತ್ತಿರ ಇದೆ, ಹೊತ್ತುಕೊಂಡು ಬರಬೇಡ.

ಹಳದಿ ಜ್ವರದ ಲಸಿಕೆ ಬೇರೆ ವಿಷಯ, ಅದು ಕಡ್ಡಾಯ. ಎಲ್ಲಾ ಆಸ್ಪತ್ರೆಗಳಲ್ಲೂ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಮಾತ್ರ. ಬೆಂಗಳೂರಿಗೆ ಹೋಗಿಯೇ ಹಾಕಿಸಿಕೋ, ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿಕೊಂಡು ಹೋಗು. ಪ್ರಯಾಣಕ್ಕೆ ಕಡಿಮೆ ಎಂದರೆ 10 ದಿನ ಮುಂಚೆ ಆಗಿರಬೇಕು, ಹಾಕಿಸಿಕೊಂಡು 10 ದಿನ ಆಗುವವರೆಗೆ ಲಸಿಕೆಯ ಹಳದಿ ಪುಸ್ತಕಕ್ಕೆ ಬೆಲೆ ಇಲ್ಲ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ನಿನಗೆ ಚಿಕ್ಕವನಿದ್ದಾಗ ಮೊಟ್ಟೆ ತಿಂದರೆ ಮೈ ಊದುತ್ತಿತ್ತಲ್ಲ, ಅದನ್ನು ಅಲ್ಲಿ ತಪ್ಪದೆ ಹೇಳು. ಆ ಲಸಿಕೆ ಮೊಟ್ಟೆಯಲ್ಲಿ ಬೆಳೆಸಿದ್ದು. ಕೊಡುವ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಡು. ನೈಜೀರಿಯಾಕ್ಕೆ ಬರುವಾಗ ಮಾತ್ರ ಅಲ್ಲ, ಭಾರತಕ್ಕೆ ವಾಪಸು ಬರುವಾಗಲೂ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್. ಟೈಫಾಯ್ಡ್, ಹೆಪಟೈಟಿಸ್ ಲಸಿಕೆಗಳನ್ನೂ ಅದೇ ಡಾಕ್ಟರ ಹತ್ತಿರ ಕೇಳಿಕೋ.

ಈಗ ನಿನ್ನ ಕೆಲಸದ ವಿಷಯ. ನೀನು ಹೇಳಿದ್ದರಲ್ಲಿ ನನಗೆ ನಿದ್ದೆ ಕೆಡಿಸಿದ್ದು ಒಂದೇ ಮಾತು. "ಲೇಗೋಸ್ ಆಫೀಸು ಅಕ್ಕಾ, ಆದರೆ ಮೆಷಿನ್ ಸರ್ವಿಸಿಗೆ ಕಡೂನಾ ಕಡೆ ಓಡಾಟ ಇರುತ್ತೆ." ಆ ಓಡಾಟ ಹೇಗೆ, ಯಾವ ದಾರಿಯಲ್ಲಿ ಎಂದು ಕೇಳಿದೆಯಾ?

ನೈಜೀರಿಯಾ ಎಂದರೆ ಒಂದೇ ಊರಲ್ಲ. ಲೇಗೋಸಿನಲ್ಲಿ ನಾವು ಬದುಕುವುದು ಒಂದು ರೀತಿ. ಈಶಾನ್ಯದ ಬೋರ್ನೊ, ಯೋಬೆ ಕಡೆ ಬೋಕೊ ಹರಾಮ್ ಎನ್ನುವ ಉಗ್ರರ ಹಾವಳಿ. ಚಿಬೊಕ್‌ನ ಶಾಲೆಯಿಂದ 276 ಹೆಣ್ಣುಮಕ್ಕಳನ್ನು ಹೊತ್ತುಕೊಂಡು ಹೋದದ್ದು 2014ರಲ್ಲಿ, ಅಲ್ಲಿಯೇ. ವಾಯವ್ಯದಲ್ಲಿ, ಅಂದರೆ ಜಂಫಾರಾ, ಕಟ್ಸಿನಾ, ಕಡೂನಾ ಕಡೆ, ಹಣಕ್ಕಾಗಿ ಅಪಹರಿಸುವ ಗುಂಪುಗಳು. ಇವರನ್ನು ಇಲ್ಲಿ ಬ್ಯಾಂಡಿಟ್ಸ್ ಎನ್ನುತ್ತಾರೆ. ಅಬುಜಾದಿಂದ ಕಡೂನಾಕ್ಕೆ ಹೋಗುವ ಹೆದ್ದಾರಿ ಎಷ್ಟು ಕೆಟ್ಟಿತ್ತು ಎಂದರೆ ಜನ ರಸ್ತೆ ಬಿಟ್ಟು ರೈಲು ಹಿಡಿದರು. 2022ರ ಮಾರ್ಚ್ 28ರ ರಾತ್ರಿ ಆ ರೈಲಿನ ಹಳಿಯನ್ನೇ ಸ್ಫೋಟಿಸಿದರು. ಕೆಲವರು ಸತ್ತರು, ಹತ್ತಾರು ಜನರನ್ನು ಕಾಡಿಗೆ ಒಯ್ದರು. ಕೊನೆಯವರು ಬಿಡುಗಡೆಯಾಗಿ ಬಂದದ್ದು ಅಕ್ಟೋಬರಿನಲ್ಲಿ. ರೈಲು ಮತ್ತೆ ಓಡಿದ್ದು ಡಿಸೆಂಬರಿನಲ್ಲಿ. ದಕ್ಷಿಣದ ಡೆಲ್ಟಾ ಕಡೆ, ಪೆಟ್ರೋಲು ಸಿಗುವ ಜಾಗದಲ್ಲಿ, ಅದರದ್ದೇ ಬೇರೆ ತಾಪತ್ರಯ. 2019ರ ಡಿಸೆಂಬರಿನಲ್ಲಿ ಆ ಸಮುದ್ರದಲ್ಲಿ ಒಂದು ಹಡಗಿನಿಂದ 18 ಜನ ಭಾರತೀಯರನ್ನೇ ಕದ್ದೊಯ್ದಿದ್ದರು. ಅದೇ ತಿಂಗಳು ಬಿಟ್ಟರು, ದೇವರು ದೊಡ್ಡವನು.

ಉತ್ತರಕ್ಕೆ ಹೋಗಲೇಬಾರದು ಎಂದಲ್ಲ. ಕಾನೋದಲ್ಲಿ ನಮ್ಮ ದೇಶದವರು ದಶಕಗಳಿಂದ ಸಂಸಾರ ಮಾಡುತ್ತಿದ್ದಾರೆ. ಅವರು ಹೋಗಿ ಬರುವುದು ವಿಮಾನದಲ್ಲಿ. ಹಾಗಾಗಿ ಸಹಿ ಹಾಕುವ ಮುಂಚೆ ಕಂಪನಿಯನ್ನು ಬರವಣಿಗೆಯಲ್ಲಿ ಕೇಳು: ಸೈಟಿಗೆ ಕಳಿಸುವಾಗ ವಿಮಾನವೋ ರಸ್ತೆಯೋ? ಏರ್‌ಪೋರ್ಟಿನಿಂದ ಸೈಟಿಗೆ ಕಾವಲು ಯಾರದ್ದು? ರಾತ್ರಿ ಪ್ರಯಾಣ ಇದೆಯಾ? ಆರೋಗ್ಯ ವಿಮೆಯಲ್ಲಿ ಬೇರೆ ದೇಶಕ್ಕೆ ಎತ್ತಿಕೊಂಡು ಹೋಗುವ ಖರ್ಚೂ ಸೇರಿದೆಯಾ? ಉತ್ತರ ಕೊಡಲು ಎಳೆದಾಡಿದರೆ ಆ ಕೆಲಸ ಬೇಡ. ಸಂಬಳ ಎಷ್ಟೇ ಇರಲಿ, ಬೇಡ. ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ವೀಸಾ ನೋಡಬೇಕು. ಇಲ್ಲಿ ಕೆಲಸಕ್ಕೆ ಬರುವವರು ಎಸ್‌ಟಿಆರ್ ವೀಸಾದಲ್ಲಿ ಬರಬೇಕು, ಬಂದ ಮೇಲೆ ಸೆರ್ಪ್ಯಾಕ್ ಎನ್ನುವ ವಾಸದ ಕಾರ್ಡು ಮಾಡಿಸಬೇಕು. ಎರಡೂ ಕಂಪನಿಯ ಜವಾಬ್ದಾರಿ. "ಸದ್ಯಕ್ಕೆ ಬಿಸಿನೆಸ್ ವೀಸಾದಲ್ಲಿ ಬಾ, ಆಮೇಲೆ ಸರಿಮಾಡೋಣ" ಎಂದರೆ ನಂಬಬೇಡ. ಆ ಮಾತು ನಂಬಿ ಬಂದು ಪಾಸ್‌ಪೋರ್ಟ್ ಮಾಲೀಕನ ಬೀರುವಿನಲ್ಲಿ, ತಾನು ಶೆಡ್ಡಿನಲ್ಲಿ ಇದ್ದ ಒಬ್ಬರನ್ನು ನಾನೇ ನೋಡಿದ್ದೇನೆ. ಅವರು ಊರಿಗೆ ಹೋಗಲು ಹದಿನಾಲ್ಕು ತಿಂಗಳು ಹಿಡಿಯಿತು. ಕಾರ್ಡಿನ ಕೆಲಸಕ್ಕೆ ಪಾಸ್‌ಪೋರ್ಟ್ ಕೊಡಬೇಕಾಗುತ್ತದೆ, ಕೊಡು, ಕೆಲಸ ಮುಗಿದ ದಿನ ವಾಪಸು ತೆಗೆದುಕೋ. ವೀಸಾ ಖರ್ಚು, ಮೆಡಿಕಲ್ ಖರ್ಚು ಎಂದು ಯಾರಾದರೂ ಮುಂಚೆ ಹಣ ಕೇಳಿದರೆ ಒಂದು ರೂಪಾಯಿ ಕೊಡಬೇಡ. ಇಂಥ ಮೋಸಕ್ಕೆ ಇಲ್ಲಿ ಫೋರ್ ವನ್ ನೈನ್ ಎನ್ನುತ್ತಾರೆ, ಇಲ್ಲಿನ ದಂಡಸಂಹಿತೆಯ 419ನೇ ಕಲಮಿನಿಂದ ಬಂದ ಹೆಸರು.

ಸಂಬಳ ಯಾವ ಹಣದಲ್ಲಿ ಎಂದೂ ಕೇಳು. ಅಪ್ಪ, 2023ರಲ್ಲಿ ನಾನು ಕಳಿಸುವ ಹಣ ಇದ್ದಕ್ಕಿದ್ದಂತೆ ಕಡಿಮೆಯಾಯಿತಲ್ಲ, ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಜೂನಿನಲ್ಲಿ ಸರ್ಕಾರ ಇಲ್ಲಿಯ ಹಣವಾದ ನೈರಾದ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೆ ಮುಂಚೆ ಒಂದು ಡಾಲರಿಗೆ ಸುಮಾರು 460 ನೈರಾ ಇತ್ತು. ಈ 2025ರ ಜನವರಿಯಲ್ಲಿ 1,500ಕ್ಕೂ ಮೇಲೆ. ಇವರ ಸಂಬಳದ ಒಂದು ಭಾಗ ನೈರಾದಲ್ಲಿತ್ತು, ಅದು ಮೂರನೇ ಒಂದು ಪಾಲಿಗೆ ಇಳಿದುಹೋಯಿತು. ಪುಟ್ಟನ ಸಂಬಳ ಡಾಲರಿನಲ್ಲಿ ಎಂದು ಕಾಗದದಲ್ಲಿ ಇರಲಿ.

ರಸ್ತೆಯ ಮಾತು ಇನ್ನೂ ಇದೆ. ಲೇಗೋಸಿನಲ್ಲಿ ಹಳದಿ ಬಣ್ಣದ ವ್ಯಾನುಗಳಿವೆ, ಡ್ಯಾನ್ಫೊ ಎನ್ನುತ್ತಾರೆ. ಹೊಸಬರು ಹತ್ತಬಾರದು. "ವನ್ ಚಾನ್ಸ್, ವನ್ ಚಾನ್ಸ್" ಎಂದು ಕಂಡಕ್ಟರ್ ಕೂಗುವುದು ಒಂದೇ ಸೀಟು ಇದೆ ಎಂದು. ಕೆಲವು ಸಲ ಒಳಗೆ ಕೂತವರೆಲ್ಲ ಕಳ್ಳರ ಗುಂಪೇ ಆಗಿರುತ್ತದೆ, ಬಾಗಿಲು ಹಾಕಿಕೊಂಡು ದೋಚಿ ಎಲ್ಲೋ ಇಳಿಸಿ ಹೋಗುತ್ತಾರೆ. ಈ ರೀತಿಯ ದರೋಡೆಗೇ ಇಲ್ಲಿ ವನ್ ಚಾನ್ಸ್ ಎಂದು ಹೆಸರು ಬಿದ್ದಿದೆ. ಬಾಡಿಗೆ ಬೈಕಿಗೆ ಒಕಾಡಾ ಎನ್ನುತ್ತಾರೆ, 2022ರಿಂದ ನಗರದ ಹಲವು ಕಡೆ ನಿಷೇಧ, ಅದೂ ಬೇಡ. ಕೆಕೆ ಎಂದರೆ ನಮ್ಮ ಆಟೋನೇ, ಬಜಾಜ್ ಗಾಡಿ ನೋಡಿ ಊರು ನೆನಪಾಗುತ್ತದೆ. ಹಗಲು ಹೊತ್ತು, ಹತ್ತಿರದ ಜಾಗಕ್ಕೆ, ಗೊತ್ತಿದ್ದವರ ಜೊತೆ ಮಾತ್ರ. ಟ್ರಾಫಿಕ್ ಜಾಮಿಗೆ ಗೋ-ಸ್ಲೋ ಎನ್ನುತ್ತಾರೆ. ಗಂಟೆಗಟ್ಟಲೆ ನಿಲ್ಲಬೇಕು. ಕಾರಿನಲ್ಲಿ ಕೂತಾಗ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ, ಫೋನು ತೊಡೆಯ ಮೇಲಲ್ಲ, ಜೇಬಿನಲ್ಲಿ. ಸಂಜೆ ಆರರ ಮೇಲೆ ಊರಿನಿಂದ ಊರಿಗೆ ಪ್ರಯಾಣ ಇಲ್ಲ. ಬಾಸ್ ಹೇಳಿದರೂ ಇಲ್ಲ.

ಪೊಲೀಸರು, ಸೈನಿಕರು ದಾರಿಯಲ್ಲಿ ನಿಲ್ಲಿಸುವುದು ಇಲ್ಲಿ ಮಾಮೂಲು. ನಿಧಾನ ಮಾಡು, ಕತ್ತಲಾಗಿದ್ದರೆ ಕಾರಿನೊಳಗಿನ ದೀಪ ಹಾಕು, ಕೈ ಕಾಣುವಂತೆ ಇಟ್ಟುಕೋ, ಮೊದಲು ನಮಸ್ಕಾರ ಹೇಳು, ಆಮೇಲೆ ಕಾಗದ. ದನಿ ಏರಿಸಬೇಡ. ಸೇತುವೆ, ಏರ್‌ಪೋರ್ಟ್, ಸೈನಿಕರ ಫೋಟೋ ತೆಗೆಯಬೇಡ. ಸೈನಿಕರ ಬಟ್ಟೆಯಂತೆ ಮಚ್ಚೆ ಮಚ್ಚೆ ಇರುವ ಆ ನಿನ್ನ ಪ್ಯಾಂಟು ಊರಿನಲ್ಲೇ ಇರಲಿ, ಇಲ್ಲಿ ಸಾಮಾನ್ಯ ಜನ ಅದನ್ನು ಹಾಕುವಂತಿಲ್ಲ. ಎಲ್ಲಾದರೂ ಗುಂಪು ಸೇರಿದರೆ ನೋಡಲು ನಿಲ್ಲದೆ ಹಿಂದೆ ತಿರುಗು. 2020ರ ಅಕ್ಟೋಬರಿನಲ್ಲಿ ಇಲ್ಲಿಯ ಲೆಕ್ಕಿ ಟೋಲ್‌ಗೇಟಿನಲ್ಲಿ ಪ್ರತಿಭಟನೆ ಮಾಡುತ್ತಿದ್ದವರ ಮೇಲೆ ಗುಂಡು ಹಾರಿದಾಗಿನಿಂದ ನಾವು ದಿನಗಟ್ಟಲೆ ಮನೆಯಿಂದ ಹೊರಗೆ ಹೋಗಲಿಲ್ಲ. ಆಗ ಮನೆಯಲ್ಲಿದ್ದ ಅಕ್ಕಿ, ನೀರು, ಕೈಯಲ್ಲಿದ್ದ ನೋಟು ಕಾಪಾಡಿತು. ಲೇಗೋಸಿನಲ್ಲಿ ಏನಾದರೂ ಆದರೆ 112 ಅಥವಾ 767, ಎರಡೂ ಉಚಿತ. ಫೋನಿನಲ್ಲಿ ಮಾತ್ರ ಅಲ್ಲ, ತಲೆಯಲ್ಲೂ ಇರಲಿ.

ನಮ್ಮ ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಸುಡಾನಿನಲ್ಲಿ ಸಿಕ್ಕಿಹಾಕಿಕೊಂಡದ್ದು ನೆನಪಿದೆಯಲ್ಲ ಅಪ್ಪ? ಗಿಡಮೂಲಿಕೆ ಔಷಧಿ, ಎಣ್ಣೆ ಮಾರಲು ಹೋಗಿದ್ದವರು. 2023ರ ಏಪ್ರಿಲ್ 15ಕ್ಕೆ ಅಲ್ಲಿ ಜಗಳ ಶುರುವಾಯಿತು, ಒಂದೇ ದಿನದಲ್ಲಿ ಊರು ಯುದ್ಧಭೂಮಿ. ಮನೆಯೊಳಗೆ ನೀರಿಲ್ಲ, ಊಟವಿಲ್ಲ. ಆಮೇಲೆ ಆಪರೇಷನ್ ಕಾವೇರಿ ಎಂದು ನಮ್ಮ ಸರ್ಕಾರ ಪೋರ್ಟ್ ಸುಡಾನಿನಿಂದ ಹಡಗಿನಲ್ಲಿ, ವಿಮಾನದಲ್ಲಿ ಜೆದ್ದಾಕ್ಕೆ ತಂದು ಅಲ್ಲಿಂದ ಕರೆಸಿಕೊಂಡಿತು. ಅಂಥ ಹೊತ್ತಿನಲ್ಲಿ ಯಾರು ಎಲ್ಲಿದ್ದಾರೆ ಎಂದು ರಾಯಭಾರ ಕಚೇರಿಗೆ ಗೊತ್ತಿದ್ದರೆ ತಾನೇ ಹುಡುಕುವುದು? ಅದಕ್ಕೇ ಪುಟ್ಟ ಇಳಿದ ವಾರವೇ ಅಬುಜಾದ ಭಾರತೀಯ ಹೈಕಮಿಷನ್ನಿನಲ್ಲಿ ಹೆಸರು ನೋಂದಾಯಿಸಬೇಕು. ಪಾಸ್‌ಪೋರ್ಟ್, ವೀಸಾ, ಹಳದಿ ಪುಸ್ತಕದ ಪ್ರತಿ ಅಪ್ಪನ ಹತ್ತಿರ ಒಂದು, ನನ್ನ ಹತ್ತಿರ ಒಂದು.

ಅಪ್ಪ, ನಿಮ್ಮದೂ ಒಂದು ಕೆಲಸ ಇದೆ. ಮಗ ನೈಜೀರಿಯಾಕ್ಕೆ ಹೊರಟ ಎಂದು ಸ್ಟೇಟಸ್ ಹಾಕಬೇಡಿ. ಯಾವ ವಿಮಾನ, ಯಾವ ಕಂಪನಿ, ಎಷ್ಟು ಸಂಬಳ, ಅಡಿಕೆ ಮಂಡಿಯಲ್ಲಿ ಯಾರು ಕೇಳಿದರೂ ಹೇಳಬೇಡಿ. "ನಿಮ್ಮ ಮಗ ಪೊಲೀಸರ ಕೈಗೆ ಸಿಕ್ಕಿದ್ದಾನೆ, ಈಗಲೇ ಹಣ ಹಾಕಿ" ಎಂದು ಫೋನು ಬಂದರೆ ಹಣ ಹಾಕಬೇಡಿ, ಮೊದಲು ನನಗೆ ಫೋನ್ ಮಾಡಿ. ಇಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಮಧ್ಯರಾತ್ರಿಯಾದರೂ ಎತ್ತುತ್ತೇನೆ. ನಾವೆಲ್ಲರೂ ಒಂದು ಗುಟ್ಟಿನ ಪ್ರಶ್ನೆ ಇಟ್ಟುಕೊಳ್ಳೋಣ, ಮನೆಯವರಿಗೆ ಮಾತ್ರ ಉತ್ತರ ಗೊತ್ತಿರುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಫೋನಿನಲ್ಲಿ ಹೇಳುತ್ತೇನೆ.

ಅಮ್ಮ, ಪೆಟ್ಟಿಗೆ ತುಂಬುವಾಗ ಕೆಮ್ಮಿನ ಸಿರಪ್ಪು ಇಡಬೇಡಿ. ಕೊಡೀನ್ ಇರುವ ಸಿರಪ್ಪನ್ನು ಈ ದೇಶ 2018ರಲ್ಲಿ ನಿಷೇಧಿಸಿತು. ಟ್ರಮಡಾಲ್ ಎನ್ನುವ ನೋವಿನ ಮಾತ್ರೆಗೂ ಇಲ್ಲಿ ಭಾರಿ ತಪಾಸಣೆ. ನಿಮ್ಮ ಮಂಡಿನೋವಿನ ಮಾತ್ರೆಯಲ್ಲಿ ಒಂದು ಸ್ಟ್ರಿಪ್ ಹಾಕಿ ಕಳಿಸಬೇಡಿ. ಅವನಿಗೆ ಬೇಕಾದ ಔಷಧಿ ಇದ್ದರೆ ಡಾಕ್ಟರ ಚೀಟಿಯ ಜೊತೆ, ಕಂಪನಿಯ ಪ್ಯಾಕಿನಲ್ಲೇ. ಪರಿಚಯದವರು "ನಮ್ಮ ಹುಡುಗನಿಗೆ ಇದೊಂದು ಪೊಟ್ಟಣ ಕೊಟ್ಟುಬಿಡು" ಎಂದು ತಂದರೆ, ಎಷ್ಟೇ ಹತ್ತಿರದವರಾದರೂ ಬಿಚ್ಚಿ ನೋಡದೆ ಇಡಬೇಡಿ. ಒಳ್ಳೆ ಥರ್ಮಾಮೀಟರು, ಓಆರ್‌ಎಸ್ ಪುಡಿ, ಚಟ್ನಿಪುಡಿ ಕಳಿಸಿ.

ಊಟಕ್ಕೆ ಅವನು ಕಷ್ಟಪಡುವುದಿಲ್ಲ. ಇಲ್ಲಿ ಗೆಣಸಿನ ಜಾತಿಯ ಗಡ್ಡೆಯನ್ನು ಕುಟ್ಟಿ, ಮರಗೆಣಸಿನ ಹಿಟ್ಟನ್ನು ಬಿಸಿನೀರಿನಲ್ಲಿ ತಿರುವಿ ಮುದ್ದೆ ಮಾಡುತ್ತಾರೆ. ಸಾರಿನಲ್ಲಿ ಅದ್ದಿ ಅಗಿಯದೆ ನುಂಗುತ್ತಾರೆ. ಹೆಸರೇ "ಸ್ವಾಲೊ", ಅಂದರೆ ನುಂಗುವುದು! ಮೊದಲ ಸಲ ಕೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು, ಅಜ್ಜಿಯ ರಾಗಿಮುದ್ದೆ ಎದುರು ಬಂದು ಕೂತಂತೆ. ಅಲಸಂದೆ ರುಬ್ಬಿ ಕರಿದ ಅಕಾರಾ ಥೇಟ್ ನಮ್ಮ ವಡೆ. ಹೊರಗೆ ತಿಂದರೆ ಬಿಸಿಬಿಸಿಯಾಗಿ ಇರುವುದನ್ನೇ ತಿನ್ನಬೇಕು. ಈ ಚಳಿಗಾಲದಲ್ಲಿ, ಸಹಾರಾದಿಂದ ಹರ್ಮಟ್ಟಾನ್ ಧೂಳುಗಾಳಿ ಬೀಸುವ ಹೊತ್ತಿನಲ್ಲಿ, ಲಾಸ್ಸಾ ಜ್ವರ ಜಾಸ್ತಿ. ಅದು ಇಲಿಯಿಂದ ಬರುವುದು. ಅಡುಗೆಮನೆಯಲ್ಲಿ ಯಾವ ಪಾತ್ರೆಯೂ ತೆರೆದಿರಬಾರದು, ಅಕ್ಕಿಬೇಳೆ ಗಟ್ಟಿ ಮುಚ್ಚಳದ ಡಬ್ಬದಲ್ಲಿರಬೇಕು. ಇನ್ನೊಂದು, ಕರೆಂಟು ಹೋದಾಗ ಜನರೇಟರನ್ನು ಬಾಲ್ಕನಿಯಲ್ಲೋ ವರಾಂಡದಲ್ಲೋ ಹಾಕಿ ಮಲಗಿದರೆ ಹೊಗೆಯಿಂದ ಮಲಗಿದಲ್ಲೇ ಜೀವ ಹೋಗುತ್ತದೆ. ಹೊಗೆಗೆ ವಾಸನೆ ಇಲ್ಲದಿದ್ದರೂ ವಿಷವೇ. ಜನರೇಟರು ಮನೆಯಿಂದ ದೂರ, ಬಯಲಲ್ಲಿ.

ಇಷ್ಟೆಲ್ಲ ಓದಿ ಇಲ್ಲಿಯ ಜನರೇ ಕೆಟ್ಟವರು ಅಂದುಕೊಳ್ಳಬೇಡಿ. ಹಾಗೆ ಅಂದುಕೊಂಡರೆ ನನಗೆ ತುಂಬಾ ಬೇಜಾರು. ನನಗೆ ಎರಡನೇ ಸಲ ಮಲೇರಿಯಾ ಬಂದಾಗ ಇವರು ಊರಲ್ಲಿರಲಿಲ್ಲ. ಪಕ್ಕದ ಮನೆಯ ಯೊರೂಬಾ ಜನಾಂಗದ ಅಮ್ಮ ತಾವೇ ಬಂದು ಹಣೆ ಮುಟ್ಟಿ ನೋಡಿದರು, ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು, ಮೂರು ದಿನ ಮೆಣಸಿನ ಸಾರು ತಂದುಕೊಟ್ಟರು. ಮಾಂಸ ತಿನ್ನುವುದಿಲ್ಲ ಎಂದಿದ್ದಕ್ಕೆ ನನಗಾಗಿ ಬೇರೆ ಪಾತ್ರೆಯಲ್ಲಿ ಮಾಡಿದ್ದರು. ಇಲ್ಲಿ ಹುಡುಗರು ಹಿರಿಯರಿಗೆ ನೆಲಕ್ಕೆ ಬಿದ್ದು ನಮಸ್ಕಾರ ಮಾಡುತ್ತಾರೆ. ಎಡಗೈಯಲ್ಲಿ ಏನನ್ನೂ ಕೊಡುವುದಿಲ್ಲ. ದಾರಿಯಲ್ಲಿ ನೀನು ಎಡವಿದರೆ ಗುರುತಿಲ್ಲದವರೂ "ಸಾರಿ ಓ" ಎನ್ನುತ್ತಾರೆ. ಪುಟ್ಟ, ಬೆಳಿಗ್ಗೆ ಗೇಟಿನ ಕಾವಲುಗಾರನಿಗೆ ಮೊದಲು "ಎ ಕಾರೋ" ಹೇಳು. ಅವನ ಮಕ್ಕಳ ಹೆಸರು ತಿಳಿದುಕೋ. ನಮ್ಮ ಓಣಿಯಲ್ಲಿ ಗೊತ್ತಿಲ್ಲದ ಕಾರೊಂದು ಎರಡು ದಿನ ನಿಂತಿದೆ ಎಂದು ಬಂದು ಹೇಳಿದ್ದು ನಮ್ಮ ಕಾವಲುಗಾರನೇ, ಯಾವ ಕ್ಯಾಮೆರಾವೂ ಅಲ್ಲ.

ಮಂಗಳವಾರ ಸಂಕ್ರಾಂತಿ. ನೀವು ಎಳ್ಳು ಬೀರಿ ಬಂದ ಮೇಲೆ ಸಂಜೆ ಫೋನ್ ಮಾಡುತ್ತೇನೆ. ಪುಟ್ಟ, ಅಷ್ಟರೊಳಗೆ ಆಫರ್ ಲೆಟರಿನ ಫೋಟೋ ಕಳಿಸಿರು, ಮೊದಲ ಪುಟ ಮಾತ್ರ ಅಲ್ಲ, ಎಲ್ಲಾ ಪುಟಗಳದ್ದೂ. ಭಾವ ರಾತ್ರಿ ಕೂತು ಓದುತ್ತಾರೆ.

ನಿಮ್ಮ ಮಗಳು